ಸೊರಬದ ಕಲ್ಯಾಣ ಮಂಟಪದಲ್ಲಿ ಒಂದು ಚೂಡಿದಾರ್

ಆಷಾಢದ ಕೊನೆಯ ಭಾನುವಾರ ಬೆಳಗ್ಗೆ ಎಂಟೂವರೆಗೆ ನಾನೂ ನನ್ನ ಹೆಂಡತಿ ಗಿರಿಜಾಳೂ ಬೈಕಿನಲ್ಲಿ ಮನೆ ಬಿಟ್ಟೆವು. ನಮ್ಮೂರಿಂದ ಶಿಕಾರಿಪುರ ಎಂಟು ಕಿಲೋಮೀಟರು. ಮಳೆ ಬಿಡುವು ಕೊಟ್ಟಿತ್ತು, ಗಾಳಿ ಮಾತ್ರ ಬಿಟ್ಟಿರಲಿಲ್ಲ. ಎರಡೂ ಕಡೆ ಮೊಣಕಾಲೆತ್ತರ ಬಂದಿದ್ದ ಮೆಕ್ಕೆಜೋಳ ಒಂದೇ ಕಡೆಗೆ ಬಾಗಿತ್ತು. ಗಿರಿಜಾ ಎಂದಿನಂತೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದಳು. ಒಂದು ಕೈಯಲ್ಲಿ ಸೆರಗು, ತೊಡೆಯ ಮೇಲೆ ಬಟ್ಟೆ ಅಂಗಡಿಯ ಕವರು. ಅವಳು ಹಾಗೆ ಕೂತರೆ ಬೈಕು ಎಡಕ್ಕೆ ಎಳೆಯುತ್ತದೆ. ಹದಿನೆಂಟು ವರ್ಷದಿಂದ ನಾನು ಹ್ಯಾಂಡಲ್ಲನ್ನು ಒಂಚೂರು ಬಲಕ್ಕೆ ಒತ್ತಿಕೊಂಡೇ ಓಡಿಸುತ್ತಿದ್ದೇನೆ. ಈಗ ಅದು ಗೊತ್ತೂ ಆಗುವುದಿಲ್ಲ.

ಆ ಕವರಿನಲ್ಲಿ ಇದ್ದದ್ದು ಒಂದು ಚೂಡಿದಾರ್. ಅದರ ಕಥೆ ಮೊದಲು ಹೇಳಬೇಕು.

ನಾನು ಗಾರೆ ಮೇಸ್ತ್ರಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಬಾಂಡ್ಲಿ ಹೊತ್ತವನು. ಇವತ್ತು ನನ್ನ ಕೈಕೆಳಗೆ ಎಂಟು ಜನ ಇದ್ದಾರೆ. ನಾನು ಗಿಲಾವು ಮಾಡಿದ ಗೋಡೆಗೆ ಯಾರೂ ಹೆಸರಿಟ್ಟಿಲ್ಲ. ಸಂಜೆ ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೋಡಿದಾಗ ಗೋಡೆ ಸೊಟ್ಟ ಕಂಡರೆ ಮನೆ ಯಜಮಾನ ನೋಡುವ ಮೊದಲೇ ನಾನೇ ಕೆಡವಿಬಿಡುತ್ತೇನೆ. ಅದು ನನ್ನ ಪದ್ಧತಿ.

ಮದುವೆಯಾದ ಹೊಸದರಲ್ಲಿ ಜೋಗಕ್ಕೆ ಹೊರಟಾಗ ಗಿರಿಜಾ, "ಚೂಡಿದಾರ್ ಹಾಕ್ಕೊಳ್ಲಾ?" ಅಂತ ಕೇಳಿದ್ದಳು. "ನಮ್ಮ ಮನೇಲಿ ಅದೆಲ್ಲ ನಡೆಯಲ್ಲ" ಅಂದಿದ್ದೆ. ಅವಳು ಮತ್ತೆ ಯಾವತ್ತೂ ಕೇಳಲಿಲ್ಲ. ಈ ವರ್ಷ ಪಂಚಾಯ್ತಿಯ ಕಸದ ಗಾಡಿ ಓಡಿಸಲು ಅವಳನ್ನು ಆರಿಸಿದರು. ಒಂದು ತಿಂಗಳು ಡ್ರೈವಿಂಗ್ ಕಲಿತಳು, ಲೈಸೆನ್ಸ್ ಬಂತು. ಸೋಮವಾರದಿಂದ ಕೆಲಸ. ಕಲಿಯುವ ದಿನಗಳಲ್ಲಿ ಒಂದು ಸಂಜೆ ಅವಳ ಸೀರೆಯ ಅಂಚು ಹರಿದು ಗ್ರೀಸ್ ಮೆತ್ತಿಕೊಂಡಿತ್ತು. "ಬ್ರೇಕಿಗೆ ಸಿಕ್ಕಿತು. ಬೇರೆಯವರೆಲ್ಲ ಚೂಡಿದಾರ್ ಹಾಕಿರ್ತಾರೆ" ಅಂದಳು, ಅಷ್ಟೇ. ನನ್ನನ್ನು ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಚುಚ್ಚಿತು.

ಶುಕ್ರವಾರ ಕೆಲಸ ಬೇಗ ಮುಗಿಸಿ ಒಬ್ಬನೇ ಶಿಕಾರಿಪುರದ ಆಷಾಢ ಸೇಲಿಗೆ ಹೋದೆ. ಹೆಂಗಸರ ಬಟ್ಟೆ ಅಂಗಡಿಯೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಕೈಯಲ್ಲಿ ಸಿಮೆಂಟು ಇನ್ನೂ ಒಣಗುತ್ತಿತ್ತು. "ಸೈಜ್ ಎಷ್ಟು ಅಂಕಲ್?" ಅಂತ ಕೇಳಿದರು. ನನಗೇನು ಗೊತ್ತು? ಕಣ್ಣಳತೆಯಲ್ಲಿ ಗೋಡೆ ಅಳೆಯುವವನು ನಾನು. ಕನ್ನಡಿ ಮುಂದೆ ನಿಂತಿದ್ದ ಒಬ್ಬ ಹುಡುಗಿಯನ್ನು ತೋರಿಸಿ, "ಇಷ್ಟೇ ಇದ್ದಾಳೆ" ಅಂದೆ. ಸಾವಿರದ ಇನ್ನೂರರ ಗುಲಾಬಿ ಬಣ್ಣದ್ದು ಆರುನೂರಕ್ಕೆ ಸಿಕ್ಕಿತು. ಮನೆಗೆ ಬಂದವನೇ ದೇವರ ಮುಂದೆ ಇಟ್ಟು, ಮೂಲೆಗೆ ಅರಿಶಿನ ಹಚ್ಚಿ, ಆಮೇಲೆ ಗಿರಿಜಾಳ ಕೈಗೆ ಕೊಟ್ಟೆ. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ನಮ್ಮಲ್ಲಿ ಯಾರೂ ಮೈಗೆ ಹಾಕುವುದಿಲ್ಲ.

ಗಿರಿಜಾ ಒಳಗೆ ಹೋಗಿ ಐದು ನಿಮಿಷಕ್ಕೆ ಸೀರೆಯಲ್ಲೇ ಹೊರಗೆ ಬಂದಳು. "ಭುಜದ ಹತ್ರ ಹೋಗ್ತಾನೇ ಇಲ್ಲ. ನೀವು ಇದನ್ನ ಮದುವೆಯಾಗಿ ಬಂದಾಗ ಇದ್ದ ಗಿರಿಜಂಗೆ ತಂದೀರಿ" ಅಂದಳು. ನಗುತ್ತಿದ್ದಳು, ಆದರೆ ಕಣ್ಣು ಒದ್ದೆಯಾಗಿತ್ತು.

ಹೀಗಾಗಿ, ಅದನ್ನು ಬದಲಿಸಿಕೊಂಡು ಬರಲು ಭಾನುವಾರದ ಪ್ರಯಾಣ.

ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಬೈಕು ನಿಲ್ಲಿಸಿ ಮಂಡಕ್ಕಿ ಮಿರ್ಚಿ ತಿಂದೆವು. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಾವೇ ಮೊದಲು. ಗಲ್ಲೆಯಲ್ಲಿ ಕೂತ ಹೆಂಗಸು ಬಟ್ಟೆಯನ್ನು ಬಿಡಿಸಿದಳು, ಮೂಲೆ ಹಿಡಿದು ಬೆಳಕಿಗೆ ಎತ್ತಿದಳು.

"ಅರಿಶಿನ ಹಚ್ಚೀರಲ್ರೀ!"

"ಹಚ್ಚದೆ ಇರ್ತಾರೇನ್ರೀ?" ಅಂದೆ.

"ಹಾಕಿ ನೋಡಿ ಆಮೇಲೆ ಹಚ್ಚಬೇಕ್ರೀ. ಅರಿಶಿನ ಬಿದ್ದಿದ್ದು ಮನೆ ಬಟ್ಟೆ ಆತು. ಇದನ್ನ ನಾ ಇನ್ನೊಬ್ಬರ ಮಗಳಿಗೆ ಹೆಂಗೆ ಮಾರ್ಲಿ?"

ನನಗೆ ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ನ್ಯಾಯ. ನನ್ನ ತಾಯಿ ಅಂಗಡಿ ಇಟ್ಟಿದ್ದರೂ ಅದನ್ನೇ ಹೇಳುತ್ತಿದ್ದಳು. ಗಿರಿಜಾ ಬಟ್ಟೆಯನ್ನು ಮಡಚಿ ಕವರಿಗೆ ಹಾಕಿಕೊಂಡಳು. "ಹಾಸ್ಟೆಲ್‌ನಾಗೆ ಚೈತ್ರಾ ಹಾಕ್ಕೊಂತಾಳೆ ಬಿಡ್ರಿ, ಅವಳಿಗೆ ಸರಿಯಾಗಿ ಆಗ್ತೈತೆ." ಚೈತ್ರಾ ನಮ್ಮ ಮಗಳು, ಪಿಯುಸಿ ಓದುತ್ತಿದ್ದಾಳೆ. "ನಾ ನಾಳೆ ಸೀರೆ ಎತ್ತಿ ಕಟ್ಟಿ ಹೋಗ್ತೀನಿ. ನಡೀರಿ ಮನೆಗೆ."

ಗಿರಿಜಾಳಿಗಾಗುವ ಅಳತೆಯದು ಬೇರೆ ಏನಿದೆ ಅಂತ ಕೇಳಿದೆ. ದೊಡ್ಡ ಸೈಜೆಲ್ಲ ಖಾಲಿ. "ನಮ್ಮ ಅಕ್ಕ ಸೊರಬದಾಗೆ ಸೇಲ್ ಹಾಕ್ಯಾಳೆ. ಉಳಿದ ಮಾಲೆಲ್ಲ ಅಲ್ಲಿಗೇ ಹೋಗೈತೆ. ಇವತ್ತೇ ಕೊನೆ ದಿನ ನೋಡ್ರಿ" ಅಂದಳು ಗಲ್ಲೆಯ ಹೆಂಗಸು.

ಸೊರಬ ಅಲ್ಲಿಂದ ನಲವತ್ತು ಕಿಲೋಮೀಟರಿನ ಆಸುಪಾಸು. ಗಿರಿಜಾ ಬೇಡ ಅಂದಳು. ಮಳೆಗಾಲದಲ್ಲಿ ಅಷ್ಟು ದೂರ ಬೈಕು ಬೇಡ ಅಂತ ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಹಿಂದೆಯೇ ಬಂದಳು.

ಖಾಸಗಿ ಬಸ್ಸು ಹೊರಟು ನಿಂತಿತ್ತು, ಅವಳು ಹತ್ತಲಿಲ್ಲ. "ಸರ್ಕಾರಿ ಕೆಂಪು ಬಸ್ಸಾದ್ರೆ ಹೆಂಗಸರಿಗೆ ದುಡ್ಡಿಲ್ಲ" ಅಂತ ಆಧಾರ್ ಕಾರ್ಡು ಹಿಡಿದು ಮುಕ್ಕಾಲು ಗಂಟೆ ಕಾಯಿಸಿದಳು. ಬಸ್ಸು ಬಂದಾಗ ಕಂಡಕ್ಟರು ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ, ನನ್ನ ಕಡೆ ಕೈ ಚಾಚಿದ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಎರಡೂ ಸೇರಿ ನನಗೆ ಐವತ್ತು ರೂಪಾಯಿ ದಾಟಿತು.

ದಾರಿಯಲ್ಲಿ ಕಿಟಕಿ ಪಕ್ಕ ಅವಳು, ಈಚೆ ನಾನು. ಬಳ್ಳಿಗಾವಿಯ ಬೋರ್ಡು ಕಂಡಾಗ, "ಅಲ್ಲಿಯ ಗುಡಿ ಕಂಬ ನೋಡಿದೀಯಾ? ಎಷ್ಟು ನೂರು ವರ್ಷ ಆದ್ರೂ ಒಂದಿಂಚು ವಾಲಿಲ್ಲ" ಅಂದೆ. ಮೇಸ್ತ್ರಿಗಳು ಮಾತಿಗೆ ದಾರಿ ಕಾಣದಾಗ ಹೀಗೆ ಕಂಬದ ಮಾತು ತೆಗೆಯುತ್ತೇವೆ.

ಗಿರಿಜಾ ಕಿಟಕಿಯ ಹೊರಗೇ ನೋಡುತ್ತಾ, "ಗೋಡೆ ಸೊಟ್ಟ ಬಂದ್ರೆ ಅವತ್ತೇ ಕೆಡವ್ತೀರಿ. ಮಾತು ಸೊಟ್ಟ ಬಂದಿದ್ದಕ್ಕೆ ಹದಿನೆಂಟು ವರ್ಷ ಬೇಕಾತು" ಅಂದಳು.

ಮುಂದಿನ ಸೀಟಿನ ಅಜ್ಜಿ ತಿರುಗಿ ನನ್ನನ್ನೊಮ್ಮೆ ಚೆನ್ನಾಗಿ ನೋಡಿ ಮತ್ತೆ ಮುಂದಕ್ಕೆ ತಿರುಗಿತು.

ಶಿರಾಳಕೊಪ್ಪ ದಾಟಿದ ಮೇಲೆ ಮೆಕ್ಕೆಜೋಳ ಕಮ್ಮಿಯಾಗಿ ಗದ್ದೆಗಳು ಶುರುವಾದವು. ನಾಟಿ ಮಾಡುವ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಸಾಲಾಗಿ ಬಗ್ಗಿದ್ದರು. ನನ್ನ ಕೈಕೆಳಗಿನ ಹೆಂಗಸರೂ ಹಾಗೇ ಅಂಗಿ ಹಾಕಿಯೇ ಗಾರೆ ಹೊರುವುದು. ಅದಕ್ಕೆ ನಾನು ಯಾವತ್ತೂ ಬೇಡ ಅಂದಿಲ್ಲ. ಕೆಲಸಕ್ಕೆ ಅನುಕೂಲ ಅಂತ ನಾನೇ ಹೇಳಿದ್ದೂ ಇದೆ. ಅವರಿಗೊಂದು, ಗಿರಿಜಾಗೊಂದು ಯಾಕೆ ಮಾಡಿದೆನೋ ಅಂತ ಸೊರಬ ಬರುವ ತನಕ ಯೋಚಿಸಿದೆ.

ಸೊರಬಕ್ಕೆ ಇಳಿದಾಗ ಹನ್ನೆರಡೂವರೆ, ಸಣ್ಣ ಹನಿ. ಸೇಲು ಎಲ್ಲಿ ಅಂತ ಕೇಳಿದರೆ ಎಲ್ಲರೂ ಒಂದು ಕಲ್ಯಾಣ ಮಂಟಪದ ಕಡೆ ಕೈ ತೋರಿಸಿದರು. ಆಷಾಢದಲ್ಲಿ ಮದುವೆ ಇಲ್ಲ, ಮಂಟಪ ಖಾಲಿ, ಬಾಡಿಗೆ ಅಗ್ಗ. ಬಟ್ಟೆಯವರು ಬಂದು ಕೂರುತ್ತಾರೆ. ಬಾಗಿಲಲ್ಲಿ ವಧು ವರರ ಹೆಸರು ಬರೆಯುವ ಜಾಗದಲ್ಲಿ 'ಐವತ್ತು ಪರ್ಸೆಂಟ್' ಅಂತ ಬರೆದಿತ್ತು. ಊಟದ ಟೇಬಲ್ಲುಗಳ ಮೇಲೆ ಕುರ್ತಾ, ಲೆಗ್ಗಿನ್ಸ್, ದುಪಟ್ಟಾ ರಾಶಿ. ಪಕ್ಕದಲ್ಲಿ ಬ್ಯಾಗು, ಕ್ಲಿಪ್ಪು, ಓಲೆ. ಮದುವೆಯಲ್ಲಿ ಎರಡನೇ ಪಂಕ್ತಿಗೆ ನುಗ್ಗುವ ಹಾಗೆ ಹೆಂಗಸರು ನುಗ್ಗುತ್ತಿದ್ದರು.

ನಾನು ವೇದಿಕೆಯ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಗಿರಿಜಾ ಕೆಲಸ ಮಾಡುವುದನ್ನು ನೋಡಿದೆ. ಕೆಲಸ ಅಂತಲೇ ಹೇಳಬೇಕು. ಮೇಲಿನದನ್ನು ಮುಟ್ಟಲಿಲ್ಲ, ರಾಶಿಯ ಅಡಿಗೆ ಕೈ ಹಾಕಿದಳು. ಬಟ್ಟೆ ತೆಗೆದರೆ ಮೊದಲು ಒಳಮಗ್ಗುಲು ತಿರುವಿ ಹೊಲಿಗೆ ನೋಡುವಳು. ಅಡ್ಡಕ್ಕೆ ಎಳೆದು ಬಿಡುವಳು. ಕರ್ಚೀಫು ಒದ್ದೆ ಮಾಡಿ ಉಜ್ಜಿ ಬಣ್ಣ ಬಿಡುತ್ತದೆಯೇ ಅಂತ ನೋಡುವಳು. ಮರಳು ಹಿಡಿದು ಮುಷ್ಟಿಯಲ್ಲಿ ಹಿಸುಕಿ ಮಣ್ಣಿದೆಯಾ ಅಂತ ನಾನು ನೋಡುವುದೂ ಹೀಗೆಯೇ. ಮನೆಗೆ ಇಷ್ಟು ವರ್ಷ ಇವಳು ತಂದ ಬೆಡ್‌ಶೀಟು, ಮಗಳ ಫ್ರಾಕು ಯಾಕೆ ಅಷ್ಟು ಬಾಳಿಕೆ ಬಂದವು ಅಂತ ಅವತ್ತು ತಿಳಿಯಿತು.

ಒಂದು ಗಂಟೆ ಮೀರಿತು. ಕಡುನೀಲಿಯ ಕುರ್ತಾ ಒಂದನ್ನು ಎತ್ತಿಕೊಂಡು ಬಂದಳು. ಕತ್ತಿನ ಸುತ್ತ ಬಿಳಿ ದಾರದ ಸಣ್ಣ ಕಸೂತಿ, ಜೊತೆಗೆ ಪ್ಯಾಂಟು, ದುಪಟ್ಟಾ. ಸಾವಿರದ ನಾನೂರರದ್ದಕ್ಕೆ ಏಳುನೂರು. ಗಲ್ಲೆಯ ಹೆಂಗಸು ಹೇಳಿದ್ದ ಆ ಅಕ್ಕ ದಪ್ಪ ಕನ್ನಡಕದವರು, ಮಾತು ಸೊರಬದ ಕಡೆಯದು.

"ತೋಳಲ್ಲಿ ಒಂದು ಗುಂಡಿ ಇಲ್ಲ. ನೂರು ಇಳಿಸ್ರಿ" ಅಂದಳು ಗಿರಿಜಾ.

"ಒಂದು ಗುಂಡಿಗೆ ನೂರಾ ಮಾರಾಯ್ರೆ? ಅಂಗಡೀನೇ ಬರೆದು ಕೊಡ್ತೇನೆ, ತಗೊಳ್ಳಿ!"

"ನಾಳೆಯಿಂದ ಗಾಡಿ ಓಡಿಸ್ತೀನಿ. ಹಾಕ್ಕೊಂಡು ಊರೆಲ್ಲ ತಿರುಗಾಡ್ತೀನಿ. ಎಲ್ಲಿ ತಂದ್ರಿ ಅಂತ ಕೇಳಿದೋರಿಗೆ ನಿಮ್ಮ ಹೆಸರೇ ಹೇಳ್ತೀನಿ."

"ಯಾವ ಗಾಡಿ?"

"ಕಸದ ಗಾಡಿ."

ಆ ಅಕ್ಕ ಕನ್ನಡಕ ಏರಿಸಿ ಗಿರಿಜಾಳನ್ನು ನೋಡಿದರು. "ಎಂಬತ್ತು ಇಳಿಸ್ತೇನೆ. ಮೊದಲು ಹಾಕಿ ನೋಡಿ ಮಾರಾಯ್ರೆ. ಅಲ್ಲಿ ರೂಮಿದೆ" ಅಂತ ವೇದಿಕೆಯ ಪಕ್ಕಕ್ಕೆ ಕೈ ತೋರಿಸಿದರು.

ಆ ರೂಮಿನ ಬಾಗಿಲ ಮೇಲೆ 'ವಧುವಿನ ಕೋಣೆ' ಅಂತ ಬರೆದಿತ್ತು.

ಹೆಚ್ಚೆಂದರೆ ಹತ್ತು ನಿಮಿಷ. ನಾನು ಅಷ್ಟು ಹೊತ್ತೂ ಆ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಬಾಗಿಲು ತೆಗೆಯಿತು. ಗಿರಿಜಾ ಹೊಸ್ತಿಲಲ್ಲೇ ನಿಂತಳು, ದುಪಟ್ಟಾ ಎಲ್ಲಿ ಹಾಕಬೇಕು ಅಂತ ತಿಳಿಯದೆ ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಎರಡೂ ಕೈ ಮುಂದೆ ಚಾಚಿ, ಸ್ಟೀರಿಂಗ್ ತಿರುಗಿಸುವ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, "ಭುಜ ಸರಿ ಐತೆ" ಅಂದಳು. ರಾಶಿ ಕೆದಕುತ್ತಿದ್ದ ಹೆಂಗಸರು ನಕ್ಕರು. ಒಬ್ಬರು ಎದ್ದು ಬಂದು ದುಪಟ್ಟಾವನ್ನು ಒಂದೇ ಭುಜಕ್ಕೆ ಹಾಕಿ ಪಿನ್ ಚುಚ್ಚಿ ಕೊಟ್ಟರು.

"ಹೆಂಗೈತ್ರೀ?" ಅಂತ ನನ್ನನ್ನು ಕೇಳಿದಳು.

"ಗುಂಡು ಬಿಟ್ಟಂಗೈತೆ" ಅಂದೆ. ನನಗೆ ಗೊತ್ತಿರುವ ಹೊಗಳಿಕೆ ಅದೊಂದೇ.

"ಹಂಗಾದ್ರೆ ನಾ ಇದನ್ನ ಬಿಚ್ಚಲ್ಲ" ಅಂದಳು. ಸೀರೆ ಕವರು ಸೇರಿತು. ದುಡ್ಡು ಕೊಟ್ಟ ಮೇಲೆ ಗಲ್ಲೆಯ ಪಕ್ಕದ ದೇವರ ಫೋಟೋದ ಮುಂದಿದ್ದ ಬಟ್ಟಲಿಂದ ಅರಿಶಿನ ತೆಗೆದು, ಕುರ್ತಾದ ಅಂಚಿಗೆ ನಾನೇ ಬಗ್ಗಿ ಹಚ್ಚಿದೆ. ಈ ಸಲ ಹಾಕಿ ನೋಡಿದ ಮೇಲೆ. ಹೊರಗೆ ಬರುವಾಗ ಬಾಗಿಲ ಬಳಿ ಕೂಲಿಂಗ್ ಗ್ಲಾಸ್ ಮಾರುತ್ತಿದ್ದರು, ನೂರಕ್ಕೆ ಒಂದು. "ಧೂಳು ಬರ್ತೈತೆ" ಅಂತ ಒಂದು ಕೊಡಿಸಿದೆ. ಅವಳು ಅಲ್ಲೇ ಏರಿಸಿಕೊಂಡು ಬೈಕಿನ ಕನ್ನಡಿಯೊಂದರಲ್ಲಿ ಮುಖ ನೋಡಿಕೊಂಡಳು. ಬೈಕು ಯಾರದ್ದೋ.

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಅನ್ನ, ಸಾರು, ಹಲಸಿನ ಹಪ್ಪಳದ ಊಟ ಮಾಡಿ ಎರಡೂವರೆಗೆ ಹೊರಟೆವು. ಬಸ್ಸಿನಲ್ಲಿ ಅವಳು ನಿದ್ದೆ ಮಾಡಿದಳು. ನನಗೆ ನಿದ್ದೆ ಬರಲಿಲ್ಲ. ನಮ್ಮ ಕಡೆಯ ಯಾರು ಸಿಗುತ್ತಾರೋ, ಏನು ಕೇಳುತ್ತಾರೋ ಅಂತ ಒಳಗೊಳಗೇ ಅಳುಕು ಇತ್ತು. ಸುಳ್ಳು ಯಾಕೆ ಹೇಳಲಿ.

ಸಿಕ್ಕಿದ. ಶಿಕಾರಿಪುರದಲ್ಲಿ ಇಳಿಯುತ್ತಿದ್ದಂತೆ ನನ್ನ ಜೊತೆ ಕಲ್ಲು ಕಟ್ಟುವ ನಾಗಣ್ಣ, ಟೀ ಅಂಗಡಿಯ ಮುಂದೆ ನಾಲ್ಕು ಜನರ ನಡುವೆ ನಿಂತಿದ್ದ.

"ಏನ್ ಮೇಸ್ತ್ರಿ! ಗಿರಿಜಕ್ಕ ಗುರುತೇ ಸಿಗ್ಲಿಲ್ಲಲ್ಲ! ನಮ್ಮ ಮನೇಲಿ ಇದೆಲ್ಲ ನಡೆಯಲ್ಲ ಅಂತ ನನ್ನ ಹೆಂಡ್ತೀಗೂ ಬುದ್ಧಿ ಹೇಳಿದ್ರಿ ನೀವು. ಅವಳು ಪಾಪ, ತಂದಿದ್ದನ್ನ ತಂಗೀಗೆ ಕೊಟ್ಟಳು."

ಅದು ನಿಜ. ಹೇಳಿದ್ದೆ. ನಾಲ್ಕೂ ಜನ ನನ್ನ ಮುಖ ನೋಡುತ್ತಿದ್ದರು. ಗಿರಿಜಾ ಮಾತ್ರ ನನ್ನನ್ನು ನೋಡಲಿಲ್ಲ. ಗ್ಲಾಸ್ ತೆಗೆದು ದುಪಟ್ಟಾದಲ್ಲಿ ಒರೆಸುತ್ತಾ ನಿಂತಳು.

"ಹೇಳಿದ್ದೆ ನಾಗಣ್ಣ. ಸೊಟ್ಟ ಹೇಳಿದ್ದೆ" ಅಂದೆ. "ಇವತ್ತು ಕೆಡವಿದೀನಿ. ನಿನ್ನ ಹೆಂಡ್ತೀಗೂ ಹೋಗಿ ಹೇಳು, ಮೇಸ್ತ್ರಿ ಹೇಳಿದ್ದು ತಪ್ಪಂತೆ ಅಂತ."

ನಾಗಣ್ಣ ಟೀ ಅಂಗಡಿಯವನಿಗೆ ಎರಡು ಬೆರಳು ತೋರಿಸಿದ. "ಟೀ ಕುಡೀರಿ ಮೇಸ್ತ್ರಿ" ಅಂದ. ಕುಡಿದೆವು. ದುಡ್ಡು ಅವನೇ ಕೊಟ್ಟ.

ಬೈಕು ಸ್ಟಾರ್ಟ್ ಮಾಡಿ ಕೂತೆ. ಗಿರಿಜಾ ಒಂದು ಕ್ಷಣ ಯೋಚಿಸಿ, ನನ್ನ ಭುಜ ಹಿಡಿದು ಕಾಲೆತ್ತಿ, ಎರಡೂ ಕಡೆ ಕಾಲು ಹಾಕಿ ಕೂತಳು. ಅವಳು ಹಾಗೆ ಕೂತದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಹೊರಟು ಊರು ದಾಟುವಷ್ಟರಲ್ಲಿ ಬೈಕು ರಸ್ತೆಯ ನಡುವಿಗೆ, ಬಲಕ್ಕೆ ಬಲಕ್ಕೆ ಹೋಗತೊಡಗಿತು. ಹಿಂದಿಂದ ಭುಜಕ್ಕೆ ಒಂದು ಏಟು ಬಿತ್ತು.

"ನೆಟ್ಟಗೆ ಹಿಡೀರಿ. ನಾ ಈಗ ಎಡಕ್ಕೆ ಕೂತಿಲ್ಲ."

ಕೈ ಸಡಿಲ ಬಿಟ್ಟೆ. ಬೈಕು ನೇರವಾಯಿತು. ಆಷಾಢದ ಗಾಳಿಗೆ ಅವಳ ದುಪಟ್ಟಾ ನನ್ನ ಕಿವಿಯ ಪಕ್ಕ ಪಟಪಟ ಹೊಡೆದುಕೊಳ್ಳುತ್ತಿತ್ತು, ಊರು ಬರುವ ತನಕ.