ಅತ್ತೆಯ ನಿದ್ದೆಗೆ ಬಗ್ಗಿದ ಲೆಕ್ಕ

ನಮ್ಮ ಲೆಕ್ಕದಕ್ಕ ಕೀಲಿಮಣೆ ಮೇಲೆ ಬೆರಳಾಡಿಸಿದರೆ ಊರಿನ ಕರೆಂಟು ಬಾಲ ಅಲ್ಲಾಡಿಸುತ್ತಾ ಬರುತ್ತದೆ ಎಂದು ವಿದ್ಯುತ್ ಕಚೇರಿಯವರು ಕೊಚ್ಚಿಕೊಳ್ಳುತ್ತಿದ್ದರು. ಸೌರಫಲಕಗಳು ನಡುಮಧ್ಯಾಹ್ನ ಕರೆಂಟನ್ನು ಹೊಳೆಯಂತೆ ಹರಿಸಿದರೂ ಜನ ಮೆಷಿನ್ನಿಗೆ ಬಟ್ಟೆ ಹಾಕುವುದು ಮಾತ್ರ ಸೂರ್ಯ ಮುಳುಗಿದ ಮೇಲೆ, ಸಂಜೆ ಏಳಕ್ಕೆ. ಆ ಕೆಲಸವನ್ನು ಬಿಸಿಲಿನ ಹೊತ್ತಿಗೆ ಎಳೆದರೆ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವುದು ಅವಳ ಕಸುಬು. ಮಾದರಿಯಲ್ಲಿ ಇಡೀ ಊರು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಬಟ್ಟೆ ಒಗೆಯಲು ಬಗ್ಗಿತು. ಇನ್ನು ಕಚೇರಿಯ ದೊಡ್ಡ ಸಾಹೇಬರು ಒಪ್ಪಬೇಕಿತ್ತು, ಇಲ್ಲದಿದ್ದರೆ ಎರಡು ವರ್ಷದ ದುಡಿಮೆ ಕಸದಬುಟ್ಟಿಗೆ.

ಅವರಿಗೆ ತೋರಿಸುವ ಹಿಂದಿನ ದಿನ ಲೆಕ್ಕದಕ್ಕ ತನ್ನ ಮನೆಯಲ್ಲೇ ಪರೀಕ್ಷೆಗಿಳಿದಳು. ಹನ್ನೆರಡಕ್ಕೆ ಹಚ್ಚಿದ್ದೇ ತಡ, ಹಳೆಯ ವಾಷಿಂಗ್ ಮೆಷಿನ್ ಮೂರು ಬೀದಿ ನಡುಗಿಸುತ್ತಾ ಬಚ್ಚಲಿನಿಂದ ನಡೆದು ಬಂದು ಅತ್ತೆಯ ಮಂಚಕ್ಕೆ ಗುದ್ದಿತು.

"ಏನೇ ಇದು, ಭೂಕಂಪಾನಾ? ಎರಡು ಗಂಟೆವರೆಗೆ ನಾನು ಮಲಗಿರ್ತೀನಿ ಅಂತ ಗೊತ್ತಿಲ್ವಾ?" ಎಂದು ಅತ್ತೆ ಪ್ಲಗ್ಗನ್ನೇ ಕಿತ್ತರು.

ಮರುದಿನ ಅವಳೇ ಇದನ್ನು ಹೇಳಿದಾಗ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಮ್ಮಾ, ನಿಮ್ಮತ್ತೇನೇ ಬಗ್ಗಲಿಲ್ಲ, ಇನ್ನು ಊರು ಬಗ್ಗುತ್ತಾ?"

"ಅತ್ತೆ ಬಗ್ಗಲ್ಲ ಸಾರ್, ಅದಕ್ಕೇ ಮಾದರೀನೇ ಬಗ್ಗಿಸಿದ್ದೀನಿ. ಈಗ ಒಗೆಯೋದು ಎರಡೂಕಾಲಿಗೆ. ಅಷ್ಟೊತ್ತಿಗೆ ಅತ್ತೆ ಎದ್ದಿರ್ತಾರೆ, ಸೂರ್ಯ ಇನ್ನೂ ಮಲಗಿರಲ್ಲ!"