ಬಾಟಲಿಯ ಆರ್ಕಿಡ್, ಅತ್ತೆಯ ಮಣ್ಣು

ಕೆಲಸ ಮುಗಿಸಿ ಸೇಲಂನ ನಮ್ಮ ಮನೆಗೆ ಬಂದರೆ, ಬೆಂಗಳೂರಿನ ಲ್ಯಾಬಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದ, ಪೋಷಕಾಂಶದ ಜೆಲ್ಲಿಯಲ್ಲಿ ಬೆಳೆಸಿದ ಆರ್ಕಿಡ್ ಸಸಿಗಳ ಬಾಟಲಿಯಲ್ಲಿ ಒಂದು ಸಸಿಯೂ ಇಲ್ಲ. ಪೆನ್ನಾಗರಂನಿಂದ ಬಂದಿದ್ದ ಅತ್ತೆ ಆ ಎಳೆ ಸಸಿಗಳನ್ನು ತೆಗೆದು, ಗೊಬ್ಬರ ಬೆರೆಸಿದ ಕೆಮ್ಮಣ್ಣಿನಲ್ಲಿ ರಾಗಿ ಪೈರಿನ ಹಾಗೆ ಸಾಲಾಗಿ ನೆಟ್ಟಿದ್ದರು.

"ಅತ್ತೆ, ಇವು ಮಣ್ಣಲ್ಲಿ ಕೊಳೆತು ಹೋಗ್ತವೆ. ಇದ್ದಿಲ ಚೂರಲ್ಲಿ ಇಡಬೇಕು ಅಂತ ನೂರು ಸಲ ಹೇಳಿದ್ದೆ."

"ಇದ್ಲು ತಿಂದು ಬೆಳೆಯೋ ಗಿಡ ಎಲ್ಲೈತೆ ಕಣಮ್ಮ? ಪಾವಂ, ಪಾಪದ ಕೂಸ್ಗಳು, ಬಾಟ್ಲಿ ಒಳಗೆ ಉಸಿರು ಕಟ್ಟಿ ಕುಂತಿದ್ವು."

ಹಲ್ಲು ಕಚ್ಚಿಕೊಂಡು ಒಂದೊಂದನ್ನೇ ಕಿತ್ತು, ತೊಳೆದು ಇದ್ದಿಲಿನಲ್ಲಿಟ್ಟೆ. ವಾರದೊಳಗೆ ಎಲ್ಲವೂ ಕೊಳೆತವು.

ಬಾಟಲಿಯ ತಳದಲ್ಲಿದ್ದ ಜೆಲ್ಲಿಯನ್ನು ಅತ್ತೆ ಕರಿಬೇವಿನ ಬುಡಕ್ಕೆ ಸುರಿದಿದ್ದರಂತೆ. ಆ ಕರಿಬೇವಿನ ಗಿಡವೀಗ ಸೂರು ಮುಟ್ಟಿದೆ. ನಾನು ಒಗ್ಗರಣೆಗೆ ಎಲೆ ಕೀಳುವಾಗಲೆಲ್ಲ ಅವರು ಕೇಳುತ್ತಾರೆ, "ಇನ್ನೊಂದು ಬಾಟ್ಲಿ ಯಾವಾಗ ತರ್ತೀಯಾ?"