ಇನ್ನೊಬ್ಬ ವಿತಾಲಿಯಾನೊ ತರ್ಸಿತಾನೊ

ವಿತಾಲಿಯಾನೊನನ್ನು ನಾನು ಮೊದಲು ಕಂಡದ್ದು ಅವನ ಕ್ಷೌರದಂಗಡಿಯಲ್ಲಿ, ಕಲಾಬ್ರಿಯದ ಆ ಬೆಟ್ಟದೂರಿಗೆ ಮೇಷ್ಟ್ರಾಗಿ ಹೋದ ಮೊದಲ ಶನಿವಾರ. ನನ್ನ ಕೆನ್ನೆಗೆ ನೊರೆ ಹಚ್ಚಿ, ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದ. ಗೋಡೆಯ ಮೇಲೆ ತರ್ಸಿತಾನೊ ಎಂಬ ಕುಲನಾಮದ ದೊಡ್ಡವರ ಪಟಗಳು: ಒಬ್ಬ ಬಿಷಪ್, ಒಬ್ಬ ಗಾಯಕಿ, ನೇಪಲ್ಸಿನ ಒಬ್ಬ ಡಾಕ್ಟರು. ಪಕ್ಕದಲ್ಲಿ ತೂಗಿದ್ದ ಅಂಗಡಿಯ ಪರವಾನಗಿಯಲ್ಲಿ ಅವನ ಹೆಸರು ಓದಿ, ಸೈಕಲ್ ಪಂದ್ಯ ಗೆದ್ದವರು ನೀವೇನಾ ಎಂದು ಕೇಳಿಬಿಟ್ಟೆ. ಕತ್ತಿ ನಿಂತಿತು.

"ಇಂಥ ಹೊಟ್ಟೆ ಹೊತ್ಕೊಂಡು ಬೆಟ್ಟ ಹತ್ತೋಕಾಗತ್ತಾ, ಮೇಷ್ಟ್ರೇ?"

ಹಿರಿಮಗನಿಗೆ ಅಜ್ಜನ ಹೆಸರಿಡುವುದು ಅಲ್ಲಿಯ ರೂಢಿ. ಇವನ ಅಪ್ಪ, ಚಿಕ್ಕಪ್ಪ ಇಬ್ಬರೂ ಅದನ್ನು ಪಾಲಿಸಿ, ಇಬ್ಬರ ಹಿರಿಮಕ್ಕಳೂ ವಿತಾಲಿಯಾನೊ ತರ್ಸಿತಾನೊ ಆದರು. ಚಿಕ್ಕಪ್ಪನ ಮಗ ಚಿಕ್ಕಂದಿನಲ್ಲೇ ಮಿಲಾನಿಗೆ ಹೋಗಿ ಸೈಕಲ್ ವೀರನಾದ. ಅವನ ಪಟ ಮಾತ್ರ ಆ ಗೋಡೆಯಲ್ಲಿರಲಿಲ್ಲ. ಅವನನ್ನು ಹುಡುಕಿಕೊಂಡು ಅಂಗಡಿಗೆ ಬಂದವರು ಇವನ ಮುಖ ನೋಡಿ ಸಪ್ಪಗಾಗಿ ಹೋಗುತ್ತಿದ್ದರು. ಒಮ್ಮೆ ಆ ತಮ್ಮ ಪಂದ್ಯದಲ್ಲಿ ಬಿದ್ದ ಸುದ್ದಿ ಬಂದಾಗ ಇವನು ಎಲ್ಲರಿಗೂ ಕಾಫಿ ಕೊಡಿಸಿದ. ಸಂಜೆ ಇಗರ್ಜಿಗೆ ಹೋಗಿ ಮೇಣದಬತ್ತಿಯನ್ನೂ ಹಚ್ಚಿದ.

ಆಮೇಲೆ ಪಂಚಾಯಿತಿಯವರು ಊರ ಬಾಗಿಲಲ್ಲಿ 'ವಿತಾಲಿಯಾನೊ ತರ್ಸಿತಾನೊನ ಊರು' ಎಂದು ಫಲಕ ನಿಲ್ಲಿಸಲು ಹೊರಟರು. ಇವನು ಊಟ ಬಿಟ್ಟ. ಇಲ್ಲೇ ಬಾಳುತ್ತಿರುವವನು ನಾನು, ನನ್ನ ಹೆಸರು ಇನ್ನು ನನ್ನದಾಗಿ ಉಳಿಯುವುದಿಲ್ಲ ಎಂದು ನನ್ನೆದುರು ಕೊರಗಿದ.

ಫಲಕ ತೆರೆಯುವ ದಿನ ತಮ್ಮ ಬಂದ. ಕ್ಷೌರಕ್ಕೆಂದು ಅಂಗಡಿಯತ್ತ ಬರುವಾಗ, ಪಕ್ಕದ ಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಮುದುಕಿ ಕಾರ್ಮೇಲಾ ಎಲ್ಲರನ್ನೂ ಕೇಳುವಂತೆ ಅವನನ್ನೂ ಯಾರ ಪೈಕಿ ಎಂದು ಕೇಳಿದಳು. ಅವನು ನಗುತ್ತಾ ಪೂರ್ತಿ ಹೆಸರು ಹೇಳಿದ.

"ತರ್ಸಿತಾನೊ ಅಂದ್ರೆ ಅರ್ಧ ಊರಾಯ್ತಪ್ಪ. ಯಾರ ಪೈಕಿ ಹೇಳು."

ಅಂಗಡಿ ಬಾಗಿಲಲ್ಲಿ ನಿಂತಿದ್ದ ಇವನು, ನಮ್ಮ ಚಿಕ್ಕಪ್ಪನ ಮಗ ಎಂದ.

"ಹಂಗನ್ನು. ನಮ್ಮ ಉಪ್ಪಿನ ತಮ್ಮ."

ಇವನ ಅಪ್ಪ ಉಪ್ಪಿನಂಗಡಿ ಇಟ್ಟಿದ್ದ. ಊರಿಗೆಲ್ಲ ಇವನು 'ಉಪ್ಪು'. ನೊರೆ ಹಚ್ಚಿಸಿಕೊಳ್ಳುತ್ತಾ ತಮ್ಮ ಮೆಲ್ಲಗೆ ಕೇಳಿದ, "ಅಣ್ಣಾ, ನನ್ನನ್ನ ಇಲ್ಲಿ ಏನಂತ ಕರೀತಾರೆ?"

"ನಿನ್ನನ್ನಾ? ಏನೂ ಇಲ್ಲ. ಅಡ್ಡಹೆಸರು ಇಲ್ಲಿರೋರಿಗೆ."

"ನಾನೂ ಉಪ್ಪಿನ ಮನೆಯವನೇ ಅಲ್ವಾ?"

"ಅಂಗಡಿ ನಮ್ಮಪ್ಪಂದು. ತಲೆ ಅಲ್ಲಾಡಿಸಬೇಡ."

ಕನ್ನಡಿಯಲ್ಲಿ ತಮ್ಮನ ಮುಖ ಸಪ್ಪಗಾಯಿತು. ಅಣ್ಣ ಅದನ್ನು ಕಣ್ತುಂಬ ನೋಡಿ, ಬಹಳ ನಯವಾಗಿ ಕ್ಷೌರ ಮುಗಿಸಿದ.

ಫಲಕ ನಿಂತಿದೆ. ತಮ್ಮನ ಪಟವೂ ಈಗ ಗೋಡೆಯಲ್ಲಿದೆ, ಉಳಿದವರಿಗಿಂತ ಬೆರಳಷ್ಟು ಕೆಳಗೆ. ವಿತಾಲಿಯಾನೊ ಈಗಲೂ ಅಲ್ಲೇ ಕ್ಷೌರ ಮಾಡುತ್ತಾನೆ. ಅಂಗಡಿಯ ಬೋರ್ಡಿನಲ್ಲಿ 'ಉಪ್ಪು' ಎಂದಷ್ಟೇ ಬರೆಸಿದ್ದಾನೆ.